ದೆವ್ವದ ಕಥೆ, ಇಲ್ಲದ ಲೋಕದ ಕಥೆ ಓದುವುದು ನಿಜ ಜೀವನದಿಂದ ತಪ್ಪಿಸಿಕೊಳ್ಳಲಿಕ್ಕಾ?

ಅಲ್ಲ ಅಂತಲೇ ನಾನು ಹೇಳುವುದು. ಫ್ರಾಂಕೆನ್‌ಸ್ಟೈನ್ ಕಾದಂಬರಿ ಬರೆದ ಇಂಗ್ಲಿಷ್ ಲೇಖಕಿ ಮೇರಿ ಶೆಲ್ಲಿಯನ್ನೇ ನೋಡಿ. 1815ರಲ್ಲಿ ಅವಳ ಮೊದಲ ಮಗು ದಿನ ತುಂಬುವ ಮೊದಲೇ ಹುಟ್ಟಿ ಕೆಲವೇ ದಿನದಲ್ಲಿ ತೀರಿಹೋಯ್ತು. ಆಮೇಲೆ ಅವಳು ಡೈರಿಯಲ್ಲಿ ಒಂದು ಕನಸು ಬರೆದಿಟ್ಟಿದ್ದಾಳೆ, ಮಗು ಸತ್ತಿರಲೇ ಇಲ್ಲ, ಬರೀ ತಣ್ಣಗಾಗಿತ್ತು, ಬೆಂಕಿಯ ಎದುರು ಮೈ ತಿಕ್ಕಿದ್ರೆ ಜೀವ ಬಂತು ಅಂತ. ಮರುವರ್ಷ ಜಿನೀವಾ ಸರೋವರದ ಹತ್ತಿರ, ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದದ್ದರಿಂದಾಗಿ ಬೇಸಗೆಯೇ ಕೆಟ್ಟು ಮಳೆ ಹಿಡಿದಿದ್ದ ದಿನಗಳಲ್ಲಿ, ಎಲ್ಲರೂ ಒಂದೊಂದು ಪ್ರೇತದ ಕಥೆ ಬರೆಯುವ ಅಂತ ಜೊತೆಗಿದ್ದ ಕವಿ ಬೈರನ್ ಹೇಳಿದ, ಆಗ 18 ವರ್ಷದ ಆ ಹುಡುಗಿ ಶುರು ಮಾಡಿದ್ದೇ ಫ್ರಾಂಕೆನ್‌ಸ್ಟೈನ್, 1818ರಲ್ಲಿ ಪ್ರಿಂಟ್ ಆಯ್ತು. ಸತ್ತ ದೇಹಕ್ಕೆ ಜೀವ ಕೊಡುವವನ ಕಥೆ. ಬಾಯಿಬಿಟ್ಟು ಹೇಳಲಾಗದ ಸಂಕಟದ ಹತ್ತಿರ ಹೋಗ್ಲಿಕ್ಕೆ ಅವಳಿಗೆ ಆ ಲೋಕ ಬೇಕಿತ್ತು ಅಂತಲೇ ನನಗೆ ಕಾಣುವುದು. ಇದು ತಪ್ಪಿಸಿಕೊಳ್ಳುವುದು ಹೇಗಾಗ್ತದೆ ಮಾರಾಯ್ರೆ?

ನಾನು ಕಾಸರಗೋಡಿನವನು, ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು ಕುಂಬಳೆ ನಮಗೆ ದೂರ ಇಲ್ಲ. ಹೆದರಿಕೆ ಹುಟ್ಟಿಸುವುದು ಹೇಗೆ ಅಂತ, ಯಕ್ಷಗಾನದ ಆಟದಲ್ಲಿ ಬಣ್ಣದ ವೇಷ, ಅಂದ್ರೆ ರಾಕ್ಷಸನ ವೇಷ, ಬರುವುದನ್ನು ನಿದ್ದೆಗೆಟ್ಟು ಕೂತು ನೋಡಿದವರಿಗೆ ಗೊತ್ತುಂಟು. ವೇಷ ಕಟ್ಟುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡ್ತಾರೆ, ಒಂದೊಂದೂ ಮುಳ್ಳಿನ ಹಾಗೆ ಎದ್ದು ನಿಲ್ಲಬೇಕು, ಅಷ್ಟು ಕಷ್ಟಪಟ್ಟು ಬರೆದ ಮುಖವನ್ನು ರಂಗಸ್ಥಳಕ್ಕೆ ಬಂದ ಕೂಡ್ಲೇ ತೋರಿಸುವುದಿಲ್ಲ! ತೆರೆಯ ಹಿಂದಿನಿಂದ ಅಬ್ಬರ, ಮೇಲೆ ಕಿರೀಟದ ತುದಿ, ಚೆಂಡೆ ಏರ್ತಾ ಹೋಗ್ತದೆ. ಮಕ್ಕಳು ಅಳಲಿಕ್ಕೆ ಶುರು ಮಾಡುವುದು ತೆರೆ ಸರಿಯುವ ಮೊದಲೇ. (ದೈವಗಳನ್ನು ನಾನು ಇದಕ್ಕೆ ಸೇರಿಸ್ತಾ ಇಲ್ಲ, ಅದು ನಂಬಿಕೆ, ಕಥೆ ಅಲ್ಲ.)

1897ರ ಡ್ರಾಕುಲಾ ಕಾದಂಬರಿಯಲ್ಲಿಯೂ ಹಾಗೇ, ಕಾಣದ್ದೇ ಹೆದರಿಸುವುದು. ರಕ್ತ ಹೀರುವ ಕೌಂಟ್ ಡ್ರಾಕುಲಾನ ಕೋಟೆಗೆ ಬಂದ ಹಾರ್ಕರ್ ಗಡ್ಡ ಹೆರೆಯುವಾಗ ಹೆಗಲ ಮೇಲೆ ಕೈ ಬೀಳ್ತದೆ, ಗುಡ್ ಮಾರ್ನಿಂಗ್ ಅಂತ ಕೇಳ್ತದೆ, ಕನ್ನಡಿಯಲ್ಲಿ ಮಾತ್ರ ಯಾರೂ ಇಲ್ಲ. ಬೆಚ್ಚಿ ಗಲ್ಲ ಕೊಯ್ದುಕೊಳ್ತಾನೆ. ಇನ್ನೊಂದು, ಮನೆಯವರು ಯಾರಾದ್ರೂ ಕರೆಯದೆ ಮೊದಲ ಸಲ ಆ ಕೌಂಟ್ ಒಳಗೆ ಕಾಲಿಡುವ ಹಾಗಿಲ್ಲ. ಇಂಥ ನಿಯಮ ಇದ್ರೆ ಮಾತ್ರ ಲೋಕ ನಿಲ್ಲುವುದು. ಏನು ಬೇಕಾದ್ರೂ ಆಗಬಹುದು ಅಂತಾದ್ರೆ ಹೆದರಲಿಕ್ಕೆ ಎಂತ ಉಂಟು, ಪುಸ್ತಕ ಮುಚ್ಚಿಡಬಹುದು.

ನೀವು ಓದುವುದಾದ್ರೆ ಫ್ರಾಂಕೆನ್‌ಸ್ಟೈನ್‌ನಿಂದಲೇ ಶುರು ಮಾಡಿ. ನಡುವಿನಲ್ಲಿ ಆ ಜೀವಿ ತನ್ನ ಕಥೆ ತಾನೇ ಹೇಳ್ತದೆ, ಗೋಡೆಯ ಸಂದಿಯಿಂದ ಒಂದು ಬಡ ಕುಟುಂಬವನ್ನು ನೋಡಿ, ಅವರ ಮಾತು ಕೇಳಿ ಕೇಳಿಯೇ ಭಾಷೆ ಕಲಿತದ್ದು. ಸಿನಿಮಾ ನೋಡಿ ಅದಕ್ಕೆ ಮಾತೇ ಬರುವುದಿಲ್ಲ ಅಂತ ತಿಳ್ಕೊಂಡವರು ಆ ಭಾಗ ಓದಲೇಬೇಕು.