ಉಪ್ಪು ನೀರಿಗೆ ಬಗ್ಗದ ವಿಷ

ಪ್ರಶ್ನೆ: ಬಿಡದಿಯ ಹತ್ತಿರ ನಮ್ಮದು ಒಂದು ಎಕರೆ ಜಮೀನು. ಬೆಂಗಳೂರಿನ ಕೊಳಚೆ ಹೊತ್ತು ಬರುವ ವೃಷಭಾವತಿ ಹೊಳೆಯ ನೀರು ಹಾಯಿಸಿ ಹರಿವೆ, ಪಾಲಕ್ ಬೆಳೆಯುತ್ತೇವೆ. ಸೊಪ್ಪಿನಲ್ಲಿ ಕ್ಯಾಡ್ಮಿಯಂ, ಸೀಸ ಸೇರಿರುತ್ತದೆ ಎಂದು ಕಾಲೇಜಿಗೆ ಹೋಗುವ ಮಗಳು ಹೆದರಿಸುತ್ತಾಳೆ. ವಿಷ ಕುಡಿದ ಗಿಡ ಬಾಡಬೇಕಲ್ಲವೇ? ನಮ್ಮ ಹರಿವೆ ಮೊಣಕಾಲುದ್ದ ಸೊಂಪಾಗಿ ಬರುತ್ತದೆ. ಉಪ್ಪು ನೀರಿನಲ್ಲಿ ತೊಳೆದು ಬೇಯಿಸಿದರೆ ಸಾಲದೇ? ಸೂರ್ಯಕಾಂತಿ ಹಾಕಿದರೆ ವಿಷವನ್ನೆಲ್ಲ ಹೀರಿಕೊಳ್ಳುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ನಿಜವೇ?
– ಹೆಸರು ಬೇಡ ಎಂದಿರುವ ರೈತ ಮಹಿಳೆ

ಉತ್ತರ: ಗಿಡ ಬಾಡಿದ್ದರೆ ಒಳ್ಳೆಯದಿತ್ತು ತಾಯಿ, ನೀವೇ ಕಿತ್ತೆಸೆಯುತ್ತಿದ್ದಿರಿ. ಹರಿವೆ ಸೊಂಪಾಗಿರುವುದು ಕೊಳಚೆಯಲ್ಲಿರುವ ಸಾರಜನಕ, ರಂಜಕಗಳಿಂದ. ಅದೇ ನೀರಿನಲ್ಲಿ ಕ್ಯಾಡ್ಮಿಯಂ ಇದ್ದರೂ ಗಿಡ ಅದನ್ನು ಮುಖದ ಮೇಲೆ ತೋರಿಸುವುದಿಲ್ಲ.

ಬೇರು ಕ್ಯಾಡ್ಮಿಯಂ ಅನ್ನು ಬೇಕೆಂದು ಕರೆಯುವುದಿಲ್ಲ. ಅದಕ್ಕೆ ಬೇಕಾದದ್ದು ಸತು, ಕಬ್ಬಿಣ, ಮ್ಯಾಂಗನೀಸ್. ಅವಕ್ಕಾಗಿ ಬೇರಿನ ಕೋಶಗಳು ಬಾಗಿಲು ತೆರೆದಿಟ್ಟಿರುತ್ತವೆ. ಕ್ಯಾಡ್ಮಿಯಂ ಸತುವಿನ ದಾಯಾದಿ. ರೂಪ ಹೋಲುವುದರಿಂದ ಅದೇ ಬಾಗಿಲಲ್ಲಿ ನುಸುಳುತ್ತದೆ. ಒಳಗೆ ಬಂದ ಮೇಲೆ ಗಿಡಕ್ಕೆ ಮೋಸ ಗೊತ್ತಾಗುತ್ತದೆ. ಆಗ ಅದು ಗಂಧಕ ಹೆಚ್ಚಿರುವ ಸಣ್ಣ ಸಣ್ಣ ಸರಪಳಿಗಳನ್ನು ತಯಾರಿಸಿ ಲೋಹವನ್ನು ಕಟ್ಟಿಹಾಕುತ್ತದೆ. ಫೈಟೊಕೆಲಾಟಿನ್ ಎಂಬ ಈ ಸರಪಳಿಗಳನ್ನು 1985ರಲ್ಲಿ ಮ್ಯೂನಿಕ್‌ನ ವಿಜ್ಞಾನಿಗಳು ಗುರುತಿಸಿದರು. ಕಟ್ಟಿದ ಗಂಟನ್ನು ಕೋಶದೊಳಗಿನ ರಸದ ಚೀಲಕ್ಕೆ, ಅಂದರೆ ರಸದಾನಿಗೆ, ತಳ್ಳಿ ಗಿಡ ನೆಮ್ಮದಿಯಾಗಿರುತ್ತದೆ. ಹಳೆಯ ಮನೆಗಳಲ್ಲಿ ಬೇಡದ್ದನ್ನೆಲ್ಲ ಅಟ್ಟಕ್ಕೆ ಹಾಕುತ್ತಿದ್ದೆವಲ್ಲ, ಹಾಗೆ. ಬೇರಿನ ಅಟ್ಟದಲ್ಲಿ ಉಳಿದದ್ದು ನಮ್ಮನ್ನು ಕಾಡುವುದಿಲ್ಲ. ತಪ್ಪಿಸಿಕೊಂಡದ್ದು ನೀರಿನ ಜೊತೆ ಕಾಂಡವೇರಿ ಎಲೆಗೆ ಬಂದು ನಿಲ್ಲುತ್ತದೆ. ಎಲೆಯ ಅಟ್ಟವೇ ನಮ್ಮ ಬಸ್ಸಾರು.

ನನ್ನ ಹೆಂಡತಿಯೂ ಸೊಪ್ಪನ್ನು ಉಪ್ಪು ನೀರಿನಲ್ಲಿ ಮೂರು ಸಲ ಜಾಲಿಸುತ್ತಾಳೆ. ಹುಳ ಹೋಗುತ್ತದೆ, ಮಣ್ಣು ಹೋಗುತ್ತದೆ. ಸೀಸವೂ ತಕ್ಕಮಟ್ಟಿಗೆ ಹೋಗುತ್ತದೆ. ಸೀಸ ಹೆಚ್ಚಾಗಿ ಬೇರಿನಲ್ಲೇ ಕಚ್ಚಿಕೊಳ್ಳುವ ಲೋಹ. ಎಲೆಯ ಮೇಲಿರುವುದರಲ್ಲಿ ಬಹುಪಾಲು ರಸ್ತೆಯ ದೂಳು. ಕ್ಯಾಡ್ಮಿಯಂ ಕೋಶದ ಒಳಗಿದೆ, ಅದು ತೊಳೆದರೆ ಹೋಗುವುದಿಲ್ಲ. ಬೇಯಿಸಿದರೂ ಲೋಹ ಲೋಹವೇ. ಜಪಾನಿನ ಜಿನ್‌ಜು ನದಿಯ ದಡದಲ್ಲಿ ಗಣಿಯ ನೀರು ಕುಡಿದ ಗದ್ದೆಗಳ ಅಕ್ಕಿಯನ್ನು ವರ್ಷಗಟ್ಟಲೆ ಉಂಡವರ ಮೂತ್ರಪಿಂಡ ಕೆಟ್ಟು, ಮೂಳೆಗಳು ಮುರಿದವು. ನೋವಿಗೆ ಅವರು ಕೂಗುತ್ತಿದ್ದ 'ಇತಾಯ್ ಇತಾಯ್' ಎಂಬುದೇ ಆ ಕಾಯಿಲೆಯ ಹೆಸರಾಯಿತು. ಅದಕ್ಕೆ ಕ್ಯಾಡ್ಮಿಯಂ ಕಾರಣವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಒಂದು ಕಟ್ಟು ಸೊಪ್ಪಿಗೆ ಹಾಗಾಗುವುದಿಲ್ಲ, ಹೆದರಬೇಡಿ. ದಿನವೂ ತಿನ್ನುವ ಮನೆಯವರ ಲೆಕ್ಕ ಬೇರೆ.

ಇನ್ನು ಸೂರ್ಯಕಾಂತಿ. ಹೀರುವುದು ಸುಳ್ಳಲ್ಲ, ಆದರೆ ಎಷ್ಟು ಎಂದು ವಾಟ್ಸ್‌ಆ್ಯಪ್ ಹೇಳುವುದಿಲ್ಲ. ನಾವೇ ಲೆಕ್ಕ ಹಾಕೋಣ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕೆ.ಜಿ. ತೂಗುತ್ತದೆ. ಪ್ರತಿ ಕೆ.ಜಿ.ಯಲ್ಲಿ 2 ಮಿಲಿಗ್ರಾಂ ಕ್ಯಾಡ್ಮಿಯಂ ತೆಗೆಯಬೇಕು ಎಂದಿಟ್ಟುಕೊಳ್ಳಿ; ಒಟ್ಟು 1,800 ಗ್ರಾಂ ಆಯಿತು. ಎಕರೆಗೆ 2 ಟನ್ ಒಣ ಗಿಡ ಬಂದು, ಕೆ.ಜಿ.ಗೆ 10 ಮಿಲಿಗ್ರಾಂ ಹೀರಿದರೆ ಒಂದು ಬೆಳೆಗೆ ಹೊರಹೋಗುವುದು 20 ಗ್ರಾಂ. ತೊಂಬತ್ತು ಬೆಳೆ ಬೇಕು! ಅಷ್ಟರಲ್ಲಿ ಕಾಲುವೆ ಮತ್ತಷ್ಟು ತಂದು ಸುರಿದಿರುತ್ತದೆ. ಆ ಗಿಡವನ್ನು ಹಸುವಿಗೆ ಹಾಕುವಂತಿಲ್ಲ, ಕಾಂಪೋಸ್ಟ್ ಮಾಡುವಂತೆಯೂ ಇಲ್ಲ. ತಿಪ್ಪೆಗೆ ಹಾಕಿದರೆ ವಿಷ ಗೊಬ್ಬರದ ಜೊತೆ ಹೊಲಕ್ಕೇ ಮರಳುತ್ತದೆ, ಕೊಟ್ಟ ಸಾಲವನ್ನು ಎಡಗೈಯಿಂದ ಬಲಗೈಗೆ ವಸೂಲು ಮಾಡಿದ ಹಾಗೆ.

ಮೊದಲು ಮಣ್ಣು ಮತ್ತು ಸೊಪ್ಪು ಎರಡನ್ನೂ ಪರೀಕ್ಷೆಗೆ ಕೊಡಿ. 'ಭಾರಲೋಹ', ಅಂದರೆ ಕ್ಯಾಡ್ಮಿಯಂ, ಸೀಸದಂಥವು, ಎಂದು ಬಾಯಿಬಿಟ್ಟು ಕೇಳಿ; ಮಾಮೂಲು ಮಣ್ಣು ಪರೀಕ್ಷೆಯಲ್ಲಿ ಅದು ಬರುವುದಿಲ್ಲ. ಎಲೆ ತರಕಾರಿಗೆ ಅಂತರರಾಷ್ಟ್ರೀಯ ಮಿತಿ, ಹಸಿ ತೂಕದ ಕೆ.ಜಿ.ಗೆ 0.2 ಮಿಲಿಗ್ರಾಂ ಕ್ಯಾಡ್ಮಿಯಂ. ಮಣ್ಣು ಹುಳಿಯಾಗಿದ್ದರೆ ಸುಣ್ಣ ಹಾಕಿ. ಹುಳಿ ಮಣ್ಣಿನಲ್ಲಿ ಕ್ಯಾಡ್ಮಿಯಂ ಸುಲಭವಾಗಿ ಕರಗಿ ಬೇರಿಗೆ ಸಿಗುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೂ ಅದನ್ನು ಹಿಡಿದಿಡುತ್ತದೆ. ಲೆಕ್ಕ ಮಿತಿ ಮೀರಿದ್ದರೆ ಸೊಪ್ಪು ಬಿಟ್ಟು ಸೇವಂತಿಗೆಯನ್ನೋ ಚೆಂಡು ಹೂವನ್ನೋ ಹಾಕಿ. ದೇವರಿಗೆ ಮೂತ್ರಪಿಂಡದ ಚಿಂತೆಯಿಲ್ಲ. ಮಗಳಿಗೆ ನನ್ನ ಶಾಬಾಸ್ ತಿಳಿಸಿ.

ಪ್ರಶ್ನೆ: ಲೋಹವನ್ನೇ ತುಂಬಿಕೊಂಡು ಬದುಕುವ ಗಿಡಗಳಿವೆಯೇ ಸರ್?
– ಪಿಯುಸಿ ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ಇವೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯ ದ್ವೀಪದಲ್ಲಿ ಒಂದು ಮರವಿದೆ. ತೊಗಟೆ ಕೆತ್ತಿದರೆ ನೀಲಿ-ಹಸಿರು ಹಾಲು ಒಸರುತ್ತದೆ. ಒಣಗಿಸಿದರೆ ಅದರ ತೂಕದ ಕಾಲು ಭಾಗ ನಿಕ್ಕಲ್! 1976ರಲ್ಲಿ ಇದು ವರದಿಯಾಯಿತು. ಅಷ್ಟು ದೂರ ಯಾಕೆ, ನಿಮ್ಮೂರಿನ ಹಳೆಯ ಬಾವಿಗೇ ಇಣುಕಿ ನೋಡು, ಹುಷಾರಾಗಿ. ಗಾರೆಯ ಸಂದಿಯಲ್ಲಿ ಉದ್ದನೆಯ ಗರಿಗಳ ಒಂದು ಜರೀಗಿಡ ಕಾಣಬಹುದು, ಟೆರಿಸ್ ವಿಟ್ಟಾಟಾ. ಅದು ಆರ್ಸೆನಿಕ್ ಅನ್ನು ರಂಜಕವೆಂದೇ ಒಳಗೆ ಬಿಟ್ಟುಕೊಂಡು, ಬೇರಿನಲ್ಲಿ ತಡೆಯದೆ ಗರಿಗಳಿಗೆ ಸಾಗಿಸುತ್ತದೆ ಎಂದು 2001ರಲ್ಲಿ ಫ್ಲಾರಿಡಾದ ಸಂಶೋಧಕರು ಕಂಡರು. ಅಂಥ ಗರಿಗಳನ್ನು ಮಿಡತೆಗಳು ತಿನ್ನಲೊಲ್ಲವು ಎಂಬುದೂ ಆಮೇಲಿನ ಪ್ರಯೋಗಗಳಲ್ಲಿ ತಿಳಿಯಿತು. ನಿಮ್ಮ ಬಾವಿಯ ಗಿಡದಲ್ಲಿ ಆರ್ಸೆನಿಕ್ ಇರಲೇಬೇಕೆಂದಿಲ್ಲ. ಅಲ್ಲಿ ಸಿಕ್ಕಿದರೆ ತಾನೇ ಅದು ಹೀರುವುದು?