ನೋವಿಲ್ಲ ಅಂದಮೇಲೆ ಹಲ್ಲು ಕೂರಿಸೋಕೆ 3 ತಿಂಗಳು ಯಾಕೆ?

ಪ್ರಶ್ನೆ: ಡಾಕ್ಟ್ರೇ, ನನಗೆ 54 ವರ್ಷ. ಕೆಳಗಿನ ದವಡೆ ಹಲ್ಲು ಹೋಗಿ 2 ವರ್ಷ ಆಗಿತ್ತು. 4 ವಾರದ ಹಿಂದೆ ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲು ಮೂಳೆಗೆ ಕೂರಿಸುವ ಸ್ಕ್ರೂ) ಹಾಕಿಸಿಕೊಂಡೆ. ಹೊಲಿಗೆ ಬಿಚ್ಚಿದ್ದಾರೆ, ನೋವಿಲ್ಲ, ಊತವಿಲ್ಲ. ಆದರೂ ಅದರ ಮೇಲೆ ಕೂರಿಸುವ ಹಲ್ಲಿಗೆ 3 ತಿಂಗಳು ಕಾಯಬೇಕಂತೆ. ನಮ್ಮ ಭಾವ 3 ದಿನದಲ್ಲಿ ಪೂರ್ತಿ ಹಲ್ಲಿನ ಸೆಟ್ ಕೂರಿಸಿಕೊಂಡು ಬಂದರು. ಮುಂದಿನ ತಿಂಗಳು ಮಗಳ ಮದುವೆ. ಶುಗರ್‌ಗೆ ಮಾತ್ರೆ ತಗೊಳ್ತೀನಿ. ಬೇಗ ಹಾಕಿಸಿಕೊಳ್ಳಬಹುದಾ?
– ಓದುಗರೊಬ್ಬರು, ಹಾಸನ

ಉತ್ತರ: ಬೇಡ, ಕಾಯಿರಿ. ಅದರಲ್ಲೂ ಈ ವಾರ ಅಂತೂ ಖಂಡಿತ ಬೇಡ.

ನೋವಿಲ್ಲ ಅಂದರೆ ಒಸಡು ಮಾಗಿದೆ ಅಂತ ಅಷ್ಟೇ. ಅದಕ್ಕೆ 2 ವಾರ ಸಾಕು. ಮೂಳೆಯ ಕೆಲಸ ಬೇರೆ. ಹಾಕಿದ ದಿನ ಟೈಟಾನಿಯಂ ಸ್ಕ್ರೂ ಗೋಡೆಗೆ ಹೊಡೆದ ಮೊಳೆಯ ಹಾಗೆ ಬರೀ ಬಿಗಿತದಿಂದ ನಿಂತಿರುತ್ತದೆ. ಆಮೇಲೆ ದೇಹ ಸುತ್ತಲಿನ ಪೆಟ್ಟು ತಿಂದ ಮೂಳೆಯನ್ನು ಕರಗಿಸಿ ಹೊಸದನ್ನು ಕಟ್ಟಲು ಶುರುಮಾಡುತ್ತದೆ, ಹಳೆಯದು ಹೋಗಿದೆ, ಹೊಸದು ಇನ್ನೂ ಎಳೆಯದು, ಆದ್ದರಿಂದ 2ರಿಂದ 4ನೇ ವಾರದ ಹೊತ್ತಿಗೆ ಹಿಡಿತ ಮೊದಲ ದಿನಕ್ಕಿಂತಲೂ ಕಮ್ಮಿ ಇರುತ್ತದೆ. ನೀವು ಈಗ ಅಲ್ಲೇ ಇದ್ದೀರಿ! ಈ ಹೊತ್ತಲ್ಲಿ ಸ್ಕ್ರೂ ಕೂದಲೆಳೆಯಷ್ಟು ಪದೇ ಪದೇ ಅಲ್ಲಾಡಿದರೂ ಅದರ ಸುತ್ತ ಮೂಳೆ ಬದಲು ನಾರು ಬೆಳೆಯುತ್ತದೆ. ಆಮೇಲೆ ತೆಗೆಯುವುದೇ ದಾರಿ.

ಟೈಟಾನಿಯಂ ಮೂಳೆಗೆ ಕಚ್ಚಿಕೊಳ್ಳುತ್ತದೆ ಅಂತ ಕಂಡುಕೊಂಡು, 1965ರಲ್ಲಿ ಮೊದಲ ರೋಗಿಗೆ ಹಾಕಿದವರು ಸ್ವೀಡನ್ನಿನ ಬ್ರೋನೆಮಾರ್ಕ್. ಕೆಳದವಡೆಗೆ 3 ತಿಂಗಳು, ಮೂಳೆ ಮೆತ್ತಗಿರುವ ಮೇಲ್ದವಡೆಗೆ 6 ತಿಂಗಳು ಅನ್ನುವ ಲೆಕ್ಕ ಅವರ ಕಾಲದ್ದು. ಈಗಿನ ಸ್ಕ್ರೂಗಳ ಮೈ ತರಿತರಿ, ಬೇಗ ಕಚ್ಚುತ್ತವೆ, ಮೂಳೆ ಚೆನ್ನಾಗಿದ್ದರೆ 6-8 ವಾರಕ್ಕೇ ಹಲ್ಲು ಕೂರಿಸುವುದೂ ಉಂಟು. ನಿಮಗೆ ಶುಗರ್ ಇದೆಯಲ್ಲ, ನಿಮ್ಮ ಡಾಕ್ಟರು 3 ತಿಂಗಳು ಹೇಳಿದ್ದು ಸರಿಯಾಗೇ ಇದೆ.

ಭಾವನವರ ಕಥೆ ಬೇರೆ. ಪೂರ್ತಿ ಸೆಟ್‌ಗೆ ಹಲವು ಸ್ಕ್ರೂ ಹಾಕಿ ಎಲ್ಲವನ್ನೂ ಒಂದಕ್ಕೊಂದು ಬಿಗಿಯುತ್ತಾರೆ, ಭಾರ ಹಂಚಿಹೋಗುತ್ತದೆ. ನಿಮ್ಮದು ಒಂಟಿ ದವಡೆ ಹಲ್ಲು, ಅಗಿಯುವ ಬಲವೆಲ್ಲ ಅದರ ಮೇಲೇ.

ಇನ್ನು ಮದುವೆ ಫೋಟೋದಲ್ಲಿ ದವಡೆ ಹಲ್ಲು ಯಾರಿಗೆ ಕಾಣುತ್ತೆ ಹೇಳಿ! ಚಕ್ಕುಲಿ, ಕೋಡುಬಳೆ ಇನ್ನೊಂದು ಪಕ್ಕದಲ್ಲಿ ಅಗಿಯಿರಿ. ಒಬ್ಬಟ್ಟಿಗೆ ಹಲ್ಲು ಬೇಕಿಲ್ಲ, ಆದರೆ ನಿಮ್ಮ ಶುಗರ್‌ಗೆ ಅದು ಬೇಡ. 3 ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಟೆಸ್ಟ್ ಮಾಡಿಸಿ, 7ರ ಆಸುಪಾಸು ಇದ್ದರೆ ಒಳ್ಳೆಯದು. ಬೀಡಿ, ಸಿಗರೇಟು, ಗುಟ್ಕಾ ಇದ್ದರೆ ಇವತ್ತೇ ಬಿಡಿ, ಹೊಗೆಯಿಂದ ಇಂಪ್ಲಾಂಟ್ ಕೈಕೊಡುವುದು ಜಾಸ್ತಿ.

ಕೀವು, ನೋವು, ತುಟಿ ಜೋಮು ಕಂಡರೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ಏನೋ ಅಲ್ಲಾಡಿದ ಹಾಗಾದರೂ ತೋರಿಸಿ. ಎಷ್ಟೋ ಸಲ ಅದು ಸ್ಕ್ರೂ ಮೇಲಿನ ಪುಟ್ಟ ಮುಚ್ಚಳ ಸಡಿಲವಾಗಿರುವುದು ಅಷ್ಟೇ, ಐದು ನಿಮಿಷದಲ್ಲಿ ಬಿಗಿ ಮಾಡುತ್ತಾರೆ. ನೀವೇ ಕೈಯಲ್ಲಿ ತಿರುಗಿಸಿ ನೋಡಬೇಡಿ, ಸುಮ್ನೆ ನುಂಗಿಬಿಟ್ಟೀರಿ.