ಪಟ್ಟಿಯಲ್ಲಿಲ್ಲದ ಕೂಸು

ಪ್ರಶ್ನೆ: ನನ್ನ ಮಗಳಿಗೆ ಇಪ್ಪತ್ತನಾಲ್ಕು. ಹೊತ್ತಿಲ್ಲ ಗೊತ್ತಿಲ್ಲ, ಫೋನಿನಲ್ಲಿ ಇಂಗ್ಲಿಷ್ ರೊಮಾನ್ಸ್ ಕಾದಂಬರಿ ಓದುತ್ತಾಳೆ. ಏನಿದೆ ಅಂತ ನಾನೂ ಎರಡು ಓದಿದೆ. ಎರಡರಲ್ಲೂ ನಾಯಕಿ ವೆಡ್ಡಿಂಗ್ ಪ್ಲಾನರ್, ಎರಡರಲ್ಲೂ ಮದುವೆಗೆ ಮುಂಚೆಯೇ ಬಸುರಿ. ಇವರಿಗೆ ಬೇರೆ ಕಥೆಯೇ ಇಲ್ಲವೇ? ಮಗಳನ್ನು ತಡೆಯಲೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲನೆಯದು ಅಷ್ಟು ಕೆಟ್ಟದಾಗಿದ್ದರೆ ಎರಡನೆಯದು ಯಾಕೆ ಓದಿದಿರಿ ಅಮ್ಮಾ?

ನಾನು ಮೈಸೂರಿನಲ್ಲಿ ಹತ್ತೊಂಬತ್ತು ವರ್ಷ ಸರ್ಕ್ಯುಲೇಟಿಂಗ್ ಲೈಬ್ರರಿ ಇಟ್ಟಿದ್ದವಳು. ಇಂಥ ರೊಮಾನ್ಸ್ ಕಾದಂಬರಿಗಳನ್ನೇ ಅಚ್ಚು ಹಾಕುವ ಮಿಲ್ಸ್ ಅಂಡ್ ಬೂನ್ ಕಂಪನಿಯ ಕಪಾಟನ್ನು ರಸ್ತೆಗೆ ಬೆನ್ನು ಮಾಡಿ ನಿಲ್ಲಿಸಿದ್ದೆ, ಯಾರು ಏನು ಆರಿಸುತ್ತಾರೆಂದು ದಾರಿಹೋಕರಿಗೆ ಕಾಣದಿರಲಿ ಅಂತ. ಹೆಸರೂ ಚಿತ್ರವೂ ಒಂದೇ ತರಹ. ಹಾಗಾಗಿ ಓದಿದ್ದನ್ನೇ ಮತ್ತೆ ಒಯ್ಯದಂತೆ ಕೊನೇ ಪುಟದಲ್ಲಿ ಪೆನ್ಸಿಲ್ ಗುರುತು ಹಾಕುತ್ತಿದ್ದರು. ಬ್ಯಾಂಕಿನ ಮೇಡಂ ಒಬ್ಬರದು ನಕ್ಷತ್ರ, ಅವರ ಅತ್ತೆಯದು ಅಡ್ಡಗೆರೆ. ಒಂದೇ ಪುಸ್ತಕದಲ್ಲಿ ಎರಡೂ ಇರುತ್ತಿದ್ದವು. ನಾನು ಬಾಯಿ ಬಿಡಲಿಲ್ಲ.

ಮಿಲ್ಸ್ ಅಂಡ್ ಬೂನ್ ಲಂಡನ್ನಿನಲ್ಲಿ 1908ರಲ್ಲಿ ಹುಟ್ಟಿದ್ದು. 1971ರಲ್ಲಿ ಕೆನಡಾದ ಹಾರ್ಲೆಕ್ವಿನ್ ಎಂಬ ಪ್ರಕಾಶನ ಸಂಸ್ಥೆ ಅದನ್ನು ಕೊಂಡುಕೊಂಡಿತು. ಅವರ ಕಥೆಗಳ ಕೊನೆ ಸುಖವಾಗಿಯೇ ಇರಬೇಕು, ಅದು ಕರಾರು. ಹಾಗಿದ್ದರೆ ಕಥೆಗಾರ್ತಿಯ ತಲೆನೋವು ಒಂದೇ: ಜಗಳವಾಡಿಕೊಂಡ ಇಬ್ಬರನ್ನು ಕೊನೆಯವರೆಗೂ ಬಿಟ್ಟುಹೋಗದಂತೆ ಹಿಡಿಯುವುದು ಹೇಗೆ? ಹಿಂದೆ ಅಪ್ಪನ ಸಾಲ, ತಾತನ ಉಯಿಲು ಆ ಕೆಲಸ ಮಾಡುತ್ತಿದ್ದವು. ಈಗಿನ ಹುಡುಗಿ ತಾನೇ ದುಡಿಯುತ್ತಾಳೆ, ಬೇಡ ಅನ್ನಿಸಿದರೆ ಮೂರನೇ ಅಧ್ಯಾಯಕ್ಕೇ ಎದ್ದು ಹೋಗುತ್ತಾಳೆ. ಇನ್ನೂ ಹರಿಯದ ಹಗ್ಗ ಅಂತ ಉಳಿದಿರುವುದು ಬಸಿರೊಂದೇ.

ವೆಡ್ಡಿಂಗ್ ಪ್ಲಾನರ್ ಯಾಕೆ? ನನ್ನ ತಂಗಿಯ ಮಗನ ಮದುವೆಯಲ್ಲಿ ಅಂಥವಳೊಬ್ಬಳನ್ನು ನೋಡಿದೆ. ಕೈಯಲ್ಲಿ ನಾಲ್ಕು ಹಾಳೆ ಪಟ್ಟಿ: ಕಾಶಿಯಾತ್ರೆಯ ಛತ್ರಿ, ಅಂತರಪಟ, ಅದನ್ನು ಹಿಡಿಯುವ ಇಬ್ಬರ ಹೆಸರು, ಅವರು ತಪ್ಪಿಸಿಕೊಂಡರೆ ಇನ್ನಿಬ್ಬರದು. ಮಧ್ಯಾಹ್ನ ಮೂರೂವರೆಗೆ ಛತ್ರದ ಹಿಂದಿನ ಮೆಟ್ಟಿಲ ಮೇಲೆ ಕೂತು ಆರಿದ ಬಿಸಿಬೇಳೆ ಬಾತ್ ತಿನ್ನುತ್ತಿದ್ದಳು, ಎಡಗೈಯಲ್ಲಿ ಪಟ್ಟಿಗೆ ಟಿಕ್ ಹಾಕುತ್ತಾ. ಊರವರ ಮದುವೆಯ ನಿಮಿಷ ನಿಮಿಷವೂ ಇವಳ ಹಾಳೆಯಲ್ಲಿ, ತನ್ನ ತಿಂಗಳ ಲೆಕ್ಕ ಮಾತ್ರ ತಪ್ಪಿತು ಅಂದರೆ ಕಥೆ ತಾನಾಗಿ ಹೊರಡುತ್ತದೆ. ಜೊತೆಗೆ ದೊಡ್ಡವರ ಮನೆಯೊಳಕ್ಕೆ ಹೋಗಲು ಅವಳಿಗೆ ಯಾರ ಶಿಫಾರಸೂ ಬೇಡ!

ನಮ್ಮ ಹಳೇ ಧಾರಾವಾಹಿಗಳಲ್ಲಿ ಇಂಥ ಹುಡುಗಿಗೆ ಬಾವಿಯೋ ಕೆರೆಯೋ ಕಾದಿರುತ್ತಿತ್ತು. ಇಲ್ಲಿ ಅವನು ಉಂಗುರ ಹಿಡಿದು ಬಂದರೆ ಇವಳು ‘ಮಗುವಿಗೋಸ್ಕರ ಆದರೆ ಬೇಡ’ ಅಂತ ಬಾಗಿಲು ಹಾಕುತ್ತಾಳೆ. ಮುಂದಿನ ನೂರು ಪುಟ ಅವನು ‘ನಿನಗೋಸ್ಕರ’ ಅಂತ ನಂಬಿಸಬೇಕು. ನನಗೆ ಹಿಡಿಸುವುದು ಆ ನೂರು ಪುಟ.

ಕೊಂಕು ಇಲ್ಲವೆಂದಲ್ಲ. ಬಸಿರನ್ನು ಇಟ್ಟುಕೊಳ್ಳಲೋ ಬೇಡವೋ ಅಂತ ಡಾಕ್ಟರ ಎದುರು ಕೂತು ಮಾತಾಡುವ ನಾಯಕಿ ನನಗೆ ಸಿಕ್ಕಿದ್ದು ಬಹಳ ಕಡಿಮೆ. ಗರ್ಭಪಾತದ ಹಕ್ಕಿನಲ್ಲಿ ಮದುವೆಯಾದವಳು, ಆಗದವಳು ಎಂಬ ಭೇದ ಸಲ್ಲದು ಅಂತ ನಮ್ಮ ಸುಪ್ರೀಂ ಕೋರ್ಟೇ 2022ರಲ್ಲಿ ಹೇಳಿದೆ, ಅದನ್ನು ಮಗಳಿಗೆ ತಿಳಿಸಿ. ಇನ್ನೊಂದು: ಡಾಕ್ಟರು ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ‘ಆರು ವಾರ’ ಅಂದರೆ ಕೂಡಿದ್ದು ಸುಮಾರು ನಾಲ್ಕು ವಾರದ ಹಿಂದೆ. ನಾಯಕ ಬೆರಳು ಮಡಚಿ ಮಗು ತನ್ನದಲ್ಲ ಅಂತ ಮುನಿಸಿಕೊಂಡರೆ, ಅವನಿಗೆ ಲೆಕ್ಕ ಬರುವುದಿಲ್ಲ ಅಷ್ಟೇ.

ತಡೆಯಬೇಡಿ. ಮೂರನೆಯದನ್ನು ಅವಳನ್ನೇ ಕೇಳಿ ಇಸಕೊಳ್ಳಿ. ಫೋನಿನಲ್ಲಿ ಪೆನ್ಸಿಲ್ ಗುರುತು ಹಾಕಲಾಗುವುದಿಲ್ಲ, ಅದೊಂದೇ ತೊಂದರೆ.